ಮಾನದ ಅಳತೆ



ಕಳೆದ ವರ್ಷ ರಾಜ್ಯೋತ್ಸವದ ಸಂದರ್ಭದಲ್ಲಿ ನನ್ನ ಹುಟ್ಟೂರಿನವರು ನನ್ನನ್ನು ಕರೆದು ಸನ್ಮಾನ ಮಾಡಿದರು. ಊರು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು. ನಾನು ಹುಟ್ಟಿದಾಗ ಅದು ಕೋಲಾರ ಜಿಲ್ಲೆಗೆ ಸೇರಿತ್ತು, 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೊರಳಿಗೆ ಗಂಧದ ಹಾರ, ಕೈಗೆ ಹಣ್ಣಿನ ಬುಟ್ಟಿ, ಕೊನೆಯಲ್ಲಿ ಚೌಕಟ್ಟು ಹಾಕಿಸಿದ ಒಂದು ಬಿನ್ನವತ್ತಳೆ. ಬಿನ್ನವತ್ತಳೆಯಲ್ಲಿ ನನ್ನ ವ್ಯಾಕರಣ ಪಾಂಡಿತ್ಯವನ್ನು ವಿಶೇಷವಾಗಿ ಹೊಗಳಿದ್ದರು. ಹೊಗಳಿಕೆ ಯಾರಿಗೆ ಬೇಡ? ಕೇಳುತ್ತ ಕುಳಿತಿದ್ದ ನನಗೂ ಸುಖವಾಗಿಯೇ ಇತ್ತು.

ಸಭೆ ಮುಗಿದು ವೇದಿಕೆಯಿಂದ ಇಳಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ಬಂದು ನನ್ನ ಕೈಯಲ್ಲಿ ಒಂದು ನಿಂಬೆಹಣ್ಣು ಇಟ್ಟು, "ನಮಸ್ಕಾರ ಸ್ವಾಮಿ, ನನ್ನ ಗುರುತು ಸಿಕ್ತಾ?" ಎಂದರು. ಸಿಕ್ಕಿತು. ನಮ್ಮ ಹೊಲದಲ್ಲಿ ಒಂದು ಕಾಲಕ್ಕೆ ಹಿರಿಯಾಳಾಗಿದ್ದವರ ಮಗ. ನನಗಿಂತ ಆರೇಳು ವರ್ಷ ದೊಡ್ಡವರು. ನನ್ನ ಬಾಯಿಂದ ಥಟ್ಟನೆ ಬಂದ ಮಾತು ಹೀಗಿತ್ತು: "ಏನಯ್ಯಾ, ಚೆನ್ನಾಗಿದ್ದೀಯಾ?"

ಅವರಿಗೆ ಅದರಿಂದ ಏನೂ ಅನ್ನಿಸಿದಂತೆ ಕಾಣಲಿಲ್ಲ. ನಗುನಗುತ್ತಲೇ ಮಾತಾಡಿ ಹೊರಟುಹೋದರು. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ. ಹತ್ತು ನಿಮಿಷದ ಹಿಂದೆ ನನ್ನ ವ್ಯಾಕರಣವನ್ನು ಹೊಗಳಿಸಿಕೊಂಡು ಬಂದಿದ್ದೆ. ಗೌರವಾರ್ಥಕ ಬಹುವಚನವನ್ನು ಮೂವತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಎದುರಿಗೆ ನಿಂತ ಹಿರಿಯರೊಬ್ಬರಿಗೆ ಅದನ್ನು ಸಲ್ಲಿಸುವ ಹೊತ್ತಿಗೆ ಆ ಪಾಠ ಎಲ್ಲಿ ಹೋಗಿತ್ತು?

ಆದಕಾರಣ ಇಂದು ಮಾನ, ಮರ್ಯಾದೆ, ಗೌರವ, ಮನ್ನಣೆ ಎಂಬ ನಾಲ್ಕು ಮಾತುಗಳನ್ನು ಕುರಿತು ನಿಮ್ಮೊಡನೆ ಆಲೋಚಿಸಬೇಕೆಂದಿದ್ದೇನೆ. ದಿನವೂ ನಾವು ಬಳಸುವ ಮಾತುಗಳಿವು. ಒಂದರ ಬದಲಿಗೆ ಇನ್ನೊಂದನ್ನು ಹಾಕಿದರೂ ವಾಕ್ಯ ನಡೆಯುತ್ತದೆ. ಆದರೆ ಒಂದೊಂದು ಮಾತಿನ ಹುಟ್ಟೂ ಬೇರೆ, ಅದು ಹೇಳುವ ಬುದ್ಧಿಯೂ ಬೇರೆ.

ಮೊದಲು ಮಾನ. ಸಂಸ್ಕೃತದಲ್ಲಿ ಈ ರೂಪದ ಶಬ್ದಗಳು ಎರಡು. ಒಂದು, ಎಣಿಸು, ಭಾವಿಸು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಅದು ಗೌರವ, ಅಭಿಮಾನ ಎಂಬ ಅರ್ಥ ಕೊಡುತ್ತದೆ. ಇನ್ನೊಂದು, ಅಳೆ ಎಂಬ ಅರ್ಥದ ಧಾತುವಿನಿಂದ ಬಂದದ್ದು. ಕಾಲಮಾನ, ಉಷ್ಣಮಾನ, ದಶಮಾನ ಪದ್ಧತಿ ಎನ್ನುವಾಗ ನಾವು ಹೇಳುವುದು ಈ ಎರಡನೆಯ ಮಾನವನ್ನು. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೆ ಬಿಟ್ಟ ಎಣ್ಣೆಯನ್ನೂ ಅಕ್ಕಿಯನ್ನೂ ಲೆಕ್ಕ ಹೇಳುವಾಗ ಸೊಲಗೆ, ಬಳ್ಳ, ಕೊಳಗಗಳ ಜೊತೆಯಲ್ಲಿ ಮಾನ ಎಂಬ ಅಳತೆಯೂ ಬರುತ್ತದೆ. ಪಂಡಿತರು ಈ ಎರಡು ಶಬ್ದಗಳನ್ನು ಬೇರೆಬೇರೆಯಾಗಿಯೇ ಇಡಬೇಕು. ಆದರೆ ಜನರ ಬಾಯಲ್ಲಿ ಅವು ಒಮ್ಮೊಮ್ಮೆ ಒಂದಾಗಿಬಿಡುತ್ತವೆ. ಹಾಗೆ ಒಂದಾದುದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

1969ರ ಸುಗ್ಗಿ. ನನಗೆ ಆಗ ಎಂಟೊಂಬತ್ತು ವರ್ಷ. ನಮ್ಮ ಕಣದಲ್ಲಿ ರಾಗಿ ತೂರಿ ರಾಶಿ ಮಾಡಿದ್ದರು. ಕೂಲಿಯನ್ನು ಕಾಳಿನಲ್ಲೇ ಕೊಡುತ್ತಿದ್ದ ಕಾಲ ಅದು. ಮೆಟ್ರಿಕ್ ಅಳತೆಯ ಕಾನೂನು 1956ರಲ್ಲೇ ಬಂದಿದ್ದರೂ ಕಣಕ್ಕೆ ಅದಿನ್ನೂ ಬಂದಿರಲಿಲ್ಲ, ಅಲ್ಲಿ ಸೇರಿನದೇ ಆಳ್ವಿಕೆ. ಅಳೆಯುವವರು ನಮ್ಮ ಅಜ್ಜಿ. ಮೊದಲನೆಯ ಸೇರಿಗೆ "ಲಾಭ" ಎಂದು ಎಣಿಸಿ, ಆಮೇಲೆ ಎರಡು, ಮೂರು ಎಂದು ಮುಂದುವರಿಯುವರು. ನೆಂಟರಿಷ್ಟರಿಗೆ ಅಳೆಯುವಾಗ ಸೇರಿನ ತಲೆಯ ಮೇಲೆ ರಾಗಿ ಗೋಪುರವಾಗಿ ನಿಲ್ಲುತ್ತಿತ್ತು. ಆಳುಗಳಿಗೆ ಅಳೆಯುವಾಗ ಅಂಗೈಯಿಂದ ಅಂಚಿನ ಸಮಕ್ಕೆ ಸವರಿಬಿಡುವರು. ಇದು ಎಲ್ಲರ ಮನೆಯ ಪದ್ಧತಿ, ಅದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲ.

ತಪ್ಪು ಇದ್ದದ್ದು ಸೇರಿನಲ್ಲಿ. ಅದರ ತಳ ಒಳಕ್ಕೆ ಉಬ್ಬಿತ್ತು. ಯಾವಾಗಲೋ ಕೆಳಗೆ ಬಿದ್ದು ಜಜ್ಜಿತೋ ಯಾರಾದರೂ ಬೇಕೆಂದೇ ತಟ್ಟಿದ್ದರೋ ನಾನು ಹೇಳಲಾರೆ. ಒಂದೊಂದು ಸೇರಿಗೆ ಒಂದೊಂದು ಹಿಡಿ ರಾಗಿ ಕಡಿಮೆಯಾಗುತ್ತಿತ್ತು. ಆ ದಿನ ಹಿರಿಯಾಳು ಮುಂದೆ ಬಂದು ಅಜ್ಜಿಯ ಕೈಯಿಂದ ಮೆಲ್ಲಗೆ ಸೇರನ್ನು ತೆಗೆದುಕೊಂಡರು. ಅದನ್ನು ಬೋರಲು ಮಾಡಿ, ತಳವನ್ನು ಎಲ್ಲರಿಗೂ ಕಾಣುವಂತೆ ಹಿಡಿದು, "ಅಮ್ಮಾ, ಈ ಸೇರಿಗೆ ಮಾನ ಹೋಗ್ಯದೆ" ಎಂದರು. ಅಷ್ಟೇ. ದನಿ ಏರಿಸಲಿಲ್ಲ. ಸೇರನ್ನು ರಾಶಿಯ ಪಕ್ಕದಲ್ಲಿಟ್ಟು ಹಿಂದೆ ಸರಿದು ನಿಂತರು.

ಅವರು ಊರ ಹೊರಗಿನ ಕೇರಿಯವರು. ಆ ರಾಗಿಯನ್ನು ಬಿತ್ತಿದ್ದು, ಕೊಯ್ದದ್ದು, ತುಳಿಸಿ ತೂರಿದ್ದು ಅವರದೇ ಕೈ. ಆದರೂ ಅಳೆಯುವ ಸೇರನ್ನು ಆ ಕೈ ಮುಟ್ಟಬಾರದೆಂಬ ಒಂದು ಎಲ್ಲೆ ಇತ್ತು. ಅವರು ಅದನ್ನು ದಾಟಿದ್ದರು.

ಅಜ್ಜಿ ಬೇರೆ ಸೇರು ತರಿಸಿ ಅಳೆದರು, ನಿಜ. ಆದರೆ ಮುಂದಿನ ವರ್ಷ ಅವರಿಗೆ ನಮ್ಮ ಮನೆಯಿಂದ ಕರೆ ಹೋಗಲಿಲ್ಲ. "ನಾಲ್ಕು ಜನರ ಮುಂದೆ ಮನೆಯ ಮರ್ಯಾದೆ ತೆಗೆದ" ಎಂದು ಮನೆಯಲ್ಲಿ ದೊಡ್ಡವರು ಬಹಳ ದಿನ ಆಡಿಕೊಂಡರು. ಕೇಳುಗರೆ, ಈ ವಾಕ್ಯವನ್ನು ದಯವಿಟ್ಟು ಗಮನಿಸಿ. ಎಷ್ಟೋ ವರ್ಷ ಕಡಿಮೆ ಅಳೆದಾಗ ನಮ್ಮ ಮನೆಯ ಮರ್ಯಾದೆ ಹೋಗಿರಲಿಲ್ಲ. ಕಡಿಮೆಯಾಗಿದೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದ ಕೂಡಲೇ ಹೋಯಿತು!

ಹೀಗೆ ಮಾನ ಎಂಬ ಒಂದೇ ಮಾತಿಗೆ ಆ ಕಣದಲ್ಲಿ ಎರಡು ಅರ್ಥಗಳು ಎದುರುಬದುರು ನಿಂತಿದ್ದವು. ನಮ್ಮ ಮನೆಯವರಿಗೆ ಮಾನವೆಂದರೆ ನಾಲ್ಕು ಜನರ ಕಣ್ಣಿನಲ್ಲಿರುವ ವಸ್ತು. ಆ ಹಿರಿಯರಿಗೆ ಅದು ಸೇರಿನ ಒಳಗಿರುವ ವಸ್ತು. ಇನ್ನೊಬ್ಬರಿಗೆ ಅಳೆದು ಕೊಡುವಾಗ ನಾವು ಎಷ್ಟು ನೆಟ್ಟಗಿದ್ದೇವೆಯೋ ಅಷ್ಟೇ ನಮ್ಮ ಮಾನ ಎಂಬುದು ಅವರ ಮಾತಿನ ಭಾವ. ನಾನು ಆಮೇಲೆ ಓದಿದ ಯಾವ ನಿಘಂಟೂ ಈ ಅರ್ಥವನ್ನು ಇಷ್ಟು ಚೆನ್ನಾಗಿ ತಿಳಿಸಿಕೊಡಲಿಲ್ಲ.

ಇನ್ನು ಮರ್ಯಾದೆ. ಇದರ ಮೂಲ ಅರ್ಥ ಎಲ್ಲೆ, ಗಡಿ, ಸಮುದ್ರದ ದಡ. ಸಮುದ್ರ ಎಷ್ಟೇ ಉಕ್ಕಿದರೂ ಮರ್ಯಾದೆ ಮೀರುವುದಿಲ್ಲ ಎಂದು ನಮ್ಮ ಕವಿಗಳು ವರ್ಣಿಸುವಾಗ ಈ ಅರ್ಥವೇ ಅವರ ಮನಸ್ಸಿನಲ್ಲಿರುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ದಡವಿರುವುದು ಸಮುದ್ರಕ್ಕೆ, ಶಕ್ತಿ ಇರುವವನಿಗೆ. ತಾನು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂದು ಬಲಶಾಲಿಯು ತನಗೆ ತಾನೇ ಹಾಕಿಕೊಂಡ ಗೆರೆಯೇ ಮರ್ಯಾದೆ. ನಾವಾದರೋ ಆ ಗೆರೆಯನ್ನು ಕೈಲಾಗದವರ ಸುತ್ತ ಎಳೆದಿದ್ದೇವೆ. ಸೇರು ಮುಟ್ಟಬಾರದೆಂಬುದು ಆಳಿನ ಮರ್ಯಾದೆ. ಹೊಸ್ತಿಲು ದಾಟಬಾರದೆಂಬುದು ಹೆಣ್ಣುಮಗಳ ಮರ್ಯಾದೆ. ಎಳೆದವರು ಮಾತ್ರ ಗೆರೆಯ ಹೊರಗೆ ಸ್ವತಂತ್ರರು.

ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ "ಮರ್ಯಾದೆ ಹತ್ಯೆ" ಎಂಬ ಮಾತು ಬರುತ್ತಿದೆ. ಜಾತಿ ಮೀರಿ ಮದುವೆಯಾದರೆಂದು ಹೆತ್ತವರೇ ಮಗಳನ್ನೋ ಅಳಿಯನನ್ನೋ ಕೊಂದ ಸುದ್ದಿಗೆ ಇಡುವ ಹೆಸರು ಇದು. ನಮ್ಮ ರಾಜ್ಯವೂ ಇಂಥ ಸುದ್ದಿಯಿಂದ ಹೊರತಾಗಿಲ್ಲ. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮಾಡಿಕೊಳ್ಳುವ ಮದುವೆಗೆ ಕುಟುಂಬದ, ಕುಲದ, ಪಂಚಾಯಿತಿಯ ಒಪ್ಪಿಗೆ ಬೇಕಿಲ್ಲವೆಂದು 2018ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು. ಕಾನೂನಿನ ಮಾತು ಅದು. ಭಾಷೆಯ ಮೇಷ್ಟರಾಗಿ ನಾನು ಹೇಳಬಹುದಾದದ್ದು ಇಷ್ಟೆ: ಮರ್ಯಾದೆ ಎಂದರೆ ಎಲ್ಲೆಯಾದರೆ, ಇನ್ನೊಬ್ಬರ ಪ್ರಾಣಕ್ಕಿಂತ ದೊಡ್ಡ ಎಲ್ಲೆ ಯಾವುದುಂಟು? ಅದನ್ನು ದಾಟಿದ ಕೃತ್ಯಕ್ಕೆ ಮರ್ಯಾದೆಯ ಹೆಸರು ಅಂಟಿಸುವುದು ಭಾಷೆಗೆ ಮಾಡುವ ಅಪಚಾರ. ಅದು ಮರ್ಯಾದೆ ಮೀರಿದ ಹತ್ಯೆ, ಬರಿಯ ಕೊಲೆ.

ಹಳೆಯ ಕಾಲದವರೂ ಮಾನಕ್ಕಾಗಿ ಪ್ರಾಣ ಕೊಡುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಕೊಡುತ್ತಿದ್ದರು. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ಸಾವಿನ ನೋವು ಒಂದು ಗಳಿಗೆಯದು, ಮಾನಭಂಗದ ನೋವು ನಿತ್ಯದ್ದು ಎಂಬ ಅಭಿಪ್ರಾಯ ಅದರಲ್ಲಿ ಬರುತ್ತದೆ. ಆದರೆ ಆ ವೀರನ ತಕ್ಕಡಿಯಲ್ಲಿ ಏನಿದೆ, ನೋಡಿ. ಒಂದು ತಟ್ಟೆಯಲ್ಲಿ ತನ್ನ ಮಾನ, ಇನ್ನೊಂದರಲ್ಲಿ ತನ್ನದೇ ಪ್ರಾಣ. ಮಗಳ ಪ್ರಾಣವನ್ನು ಅವನು ಅಲ್ಲಿ ಇಟ್ಟಿಲ್ಲ.

ನಮ್ಮ ನಾಡಿನ ವೀರಗಲ್ಲುಗಳೂ ಇಂಥದೇ ಪಾಠ ಹೇಳುತ್ತವೆ. ತುರುಗಳನ್ನು ಉಳಿಸಲು ಹೋಗಿ ಸತ್ತವರು, ಊರಿನ ಮೇಲೆ ಬಿದ್ದವರನ್ನು ತಡೆದು ಸತ್ತವರು ಆ ಕಲ್ಲುಗಳಲ್ಲಿದ್ದಾರೆ. ಅವರಿಗೆ ಸಂದದ್ದು ಬರಿಯ ಕಲ್ಲಲ್ಲ. ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರಿನಲ್ಲಿ ಭೂಮಿಯನ್ನೂ ಬಿಡುತ್ತಿದ್ದರು. ಸತ್ತವನ ಮನೆಯವರು ಉಣ್ಣುವ ಅನ್ನವೂ ಅವನಿಗೆ ಸಲ್ಲುವ ಗೌರವದ ಭಾಗವೆಂದು ಆ ಕಾಲದವರು ತಿಳಿದಿದ್ದರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲಿನ ಕಥೆ ಇನ್ನೂ ಸೊಗಸು. ಗಂಗರ ಬೂತುಗನ ವೀರ ಮಣಲೇರನು ಒಡೆಯನಿಂದ ಮೆಚ್ಚಾಗಿ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಧೈರ್ಯವನ್ನೂ ಸರಿಯಾಗಿ ಅಳೆದ ಜನ ಅವರು. ನಾವು ಒಂದು ಸೇರು ರಾಗಿಯನ್ನು ಸರಿಯಾಗಿ ಅಳೆಯಲಾರದೆ ಹೋದೆವು.

ರನ್ನನ ಗದಾಯುದ್ಧವನ್ನು ನೆನೆಯದೆ ಮಾನದ ಮಾತು ಮುಗಿಯದು. ಅಲ್ಲಿನ ದುರ್ಯೋಧನನಿಗೆ ಮಾನವೇ ಧನ. ಅವನು ಬಾಗುವವನಲ್ಲ. ಆ ಛಲಕ್ಕಾಗಿಯೇ ಅವನನ್ನು ಮೆಚ್ಚುವವರುಂಟು. ನನಗೆ ಅವನು ದೊಡ್ಡವನಾಗಿ ಕಾಣುವುದು ಬೇರೊಂದು ಕಡೆ. ಹೆಣಗಳ ನಡುವೆ ನಡೆಯುತ್ತ ಅವನು ಅಭಿಮನ್ಯುವಿನ ಬಳಿ ನಿಲ್ಲುತ್ತಾನೆ. ಶತ್ರುವಿನ ಮಗ, ಇನ್ನೂ ಹುಡುಗ. ಅವನ ಶೌರ್ಯವನ್ನು ಬಾಯ್ತುಂಬ ಕೊಂಡಾಡಿ, ಅಂಥ ಸಾವು ತನಗೂ ಬರಲೆಂದು ಹಾರೈಸುತ್ತಾನೆ. ಜೀವನವಿಡೀ ತನ್ನ ಮಾನವನ್ನು ಕಾದುಕೊಂಡವನು ಇನ್ನೊಬ್ಬನಿಗೆ ಮಾನವನ್ನು ಕೊಟ್ಟ ಗಳಿಗೆ ಅದು. ಸೇರನ್ನು ಆಗ ಅವನು ತಲೆತುಂಬಿಯೇ ಅಳೆದ.

ಮಹಾಭಾರತದ ಮಾತು ಬಂದಾಗ ನಮ್ಮ ಸೀಮೆಯ ವಿದುರಾಶ್ವತ್ಥವೂ ನೆನಪಾಗುತ್ತದೆ. ಗೌರಿಬಿದನೂರು ತಾಲ್ಲೂಕಿನ ಈ ಕ್ಷೇತ್ರದಲ್ಲಿ ವಿದುರನು ಅಶ್ವತ್ಥವನ್ನು ನೆಟ್ಟನೆಂದು ಸ್ಥಳಪುರಾಣ. ವಿದುರ ದಾಸಿಯ ಮಗ. ಕೌರವನ ಅರಮನೆಯ ಉಪಚಾರವನ್ನು ಬಿಟ್ಟು ಕೃಷ್ಣನು ಹೋಗಿ ಇಳಿದುಕೊಂಡದ್ದು ಅವನ ಮನೆಯಲ್ಲಿ. ಅದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಿಷೇಧವನ್ನು ಲೆಕ್ಕಿಸದೆ ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತೆರಡು ಮಂದಿ ಎಂದು ನಮ್ಮ ಕಡೆಯ ಜನ ಇಂದಿಗೂ ನೆನೆಯುತ್ತಾರೆ. ಒಂದು ತುಂಡು ಬಟ್ಟೆಗೆ ಇಷ್ಟು ಬೆಲೆಯೆ ಎಂದು ಕೇಳಿದರೆ ಉತ್ತರ ಸುಲಭ. ನಾವೂ ಲೆಕ್ಕಕ್ಕೆ ಸಿಗುವ ಜನ ಎಂದು ಆ ಬಟ್ಟೆ ಅವರ ಪರವಾಗಿ ಹೇಳುತ್ತಿತ್ತು. ಅವರು ಯಾರ ಮಾನವನ್ನೂ ಕಳೆಯಲು ಹೊರಟಿರಲಿಲ್ಲ. ತಮಗೆ ಕಡಿಮೆಯಾಗಿದ್ದ ಹಿಡಿಯನ್ನು ತುಂಬಿಕೊಡಿ ಎಂದು ಕೇಳಿದ್ದರು.

ಮೂರನೆಯ ಮಾತು ಗೌರವ. ಗುರು ಎಂದರೆ ಭಾರವಾದದ್ದು. ಗುರುವಿನ ಭಾವ ಗೌರವ, ಅಂದರೆ ತೂಕ. ಘನತೆಯೂ ಇದೇ ಜಾತಿಯ ಮಾತು. ತೂಕದ ಮನುಷ್ಯ ಎನ್ನುತ್ತೇವೆ, ಹಗುರವಾಗಿ ಮಾತಾಡಬೇಡ ಎನ್ನುತ್ತೇವೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವರು ಗೂಡನ್ನು ಕೈಗೆ ತೆಗೆದುಕೊಂಡು, ಬೆರಳಿನಿಂದ ಒತ್ತಿ ನೋಡುತ್ತಾರೆ. ಗಟ್ಟಿಯಾದದ್ದಕ್ಕೆ ಬೆಲೆ, ಜೊಳ್ಳಾದದ್ದಕ್ಕೆ ಇಲ್ಲ. ಗೌರವವನ್ನು ಪರೀಕ್ಷಿಸುವ ಕ್ರಮವೂ ಅದೇ ಆಗಿರಬೇಕು. ಆದರೆ ನಮ್ಮ ಕಾಲದಲ್ಲಿ ಈ ಮಾತಿಗೆ ಬಂದ ಗತಿ ನೋಡಿ. ಗೌರವಧನ ಎಂದರೆ ಧನಗಳಲ್ಲೆಲ್ಲ ಅತ್ಯಂತ ಹಗುರವಾದದ್ದು! ಗೌರವ ಕಾರ್ಯದರ್ಶಿ ಎಂದರೆ ಸಂಬಳವಿಲ್ಲದವನು.

ತೂಕ ಒಳಗಿದ್ದವರಿಗೆ ಹೊರಗಿನ ಬಿರುದು ಬಂದರೂ ಹೋದರೂ ಒಂದೇ. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಕುಲಪತಿಗಳಾಗಿದ್ದವರು, ಪದ್ಮಭೂಷಣ ಪಡೆದವರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಅವರು ಬದುಕಿದರು. ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಕ್ಕೆ ಕೊಟ್ಟರು. ಅದರಿಂದ ಅವರ ತೂಕ ಒಂದು ಗುಂಜಿಯಷ್ಟೂ ಇಳಿಯಲಿಲ್ಲ. ನನ್ನಂಥವನ ಹೆಗಲಿಗೆ ಶಾಲು ಬಿದ್ದಾಗ ಮಾತ್ರ, ತೂಕ ಶಾಲಿನದೋ ಹೆಗಲಿನದೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಏಕವಚನವೆಲ್ಲ ಅಗೌರವವೆ? ಅಲ್ಲ. ನಮ್ಮ ಶರಣರೂ ದಾಸರೂ ದೇವರನ್ನು ಏಕವಚನದಲ್ಲೇ ಕರೆದರು. ತಾಯಿಯನ್ನು ನಾವು ನೀನು ಎನ್ನುತ್ತೇವೆ. ತೆಲುಗು ಕನ್ನಡಗಳೆರಡನ್ನೂ ಆಡುವ ನಮ್ಮ ಕಡೆಯ ಹಳ್ಳಿಗಳಲ್ಲಿ ಮಗ ಅಪ್ಪನನ್ನೂ ಏಕವಚನದಲ್ಲಿ ಮಾತಾಡಿಸುವುದುಂಟು. ಏಕವಚನ ಎರಡು ಕಡೆಯಿಂದಲೂ ಬಂದರೆ ಅದು ಸಲಿಗೆ, ಪ್ರೀತಿ. ಒಂದೇ ಕಡೆಯಿಂದ ಹೋಗಿ, ಆ ಕಡೆಯಿಂದ ಬಹುವಚನವೇ ಬರುತ್ತಿದ್ದರೆ ಅದು ತಳ ಉಬ್ಬಿದ ಸೇರು. ಮಾತಿಗೊಂದು ಹಿಡಿ ಕಡಿಮೆಯಾಗುತ್ತಲೇ ಇರುತ್ತದೆ. ಅಜ್ಜಿಯ ಸೇರನ್ನು ನಾನು ಅರುವತ್ತು ವರ್ಷ ನಾಲಿಗೆಯ ಮೇಲೆ ಹೊತ್ತುಕೊಂಡು ತಿರುಗಿದ್ದೆ.

ಕೊನೆಯ ಮಾತು ಮನ್ನಣೆ. ಇದು ಮನ್ನಿಸು ಎಂಬ ಕ್ರಿಯಾಪದದಿಂದ ಬಂದದ್ದು. ಹಳಗನ್ನಡದಲ್ಲಿ ಮನ್ನಿಸು ಎಂದರೆ ಗೌರವಿಸು. ಇಂದು ನಾವು ಮನ್ನಿಸಿ ಎಂದರೆ ಕ್ಷಮಿಸಿ ಎಂದರ್ಥ. ಗೌರವವೂ ಕ್ಷಮೆಯೂ ಒಂದೇ ಮಾತಿನೊಳಗೆ ಸೇರಿರುವುದನ್ನು ಕಂಡು ನಾನು ಮರುದಿನ ಬೆಳಿಗ್ಗೆ ಆ ಹಿರಿಯರ ಮನೆಗೆ ಹೋದೆ. ಹುಟ್ಟಿದೂರಿನಲ್ಲಿ ಆ ಬೀದಿಗೆ ನಾನು ಹೋದದ್ದು ಅದೇ ಮೊದಲು ಎಂಬುದನ್ನೂ ಹೇಳಿಬಿಡಬೇಕು. ಅವರ ಮನೆಯವರು ಕಾಫಿ ಕೊಟ್ಟರು. "ನಿನ್ನೆ ನಿಮ್ಮನ್ನು ಏಕವಚನದಲ್ಲಿ ಮಾತಾಡಿಸಿಬಿಟ್ಟೆ, ಮನ್ನಿಸಿ" ಎಂದೆ.

ಅವರು ಗಾಬರಿಯಾದರು. "ಇದ್ಯಾಕೆ ಸ್ವಾಮಿ, ಇವತ್ತು ನೀವು ಗೀವು ಅಂತ ನನ್ನನ್ನ ದೂರ ಮಾಡ್ತೀರಿ?" ಎಂದರು. ನಾನು ಈ ಉತ್ತರಕ್ಕೆ ಸಿದ್ಧನಾಗಿರಲಿಲ್ಲ. ಅಳತೆ ಬಹಳ ಕಾಲ ಕೆಟ್ಟಿದ್ದರೆ ಸರಿಯಾದ ಅಳತೆಯೇ ತಪ್ಪಾಗಿ ಕಾಣುತ್ತದೆ. "ಹಾಗಾದರೆ ನೀವೂ ನನ್ನನ್ನು ನೀನು ಅನ್ನಿ" ಎಂದೆ. ಅವರು ನಕ್ಕರು. ಪ್ರಯತ್ನಪಟ್ಟರೂ ಅವರ ಬಾಯಿಗೆ ಅದು ಬರಲಿಲ್ಲ. ಕಡೆಗೆ ನಾನು "ಆಗಲಿ ಅಣ್ಣ" ಎಂದೆ. ಈ ಮಾತಿನೊಂದಿಗೆ ನೀನು ಎಂಬುದೂ ಸಲ್ಲುತ್ತದೆ, ನೀವು ಎಂಬುದೂ ಸಲ್ಲುತ್ತದೆ. ಅದಕ್ಕೆ ಅವರು ಬೇಡವೆನ್ನಲಿಲ್ಲ. ಅವರು ನನ್ನನ್ನು ಇಂದಿಗೂ ಸ್ವಾಮಿ ಎಂದೇ ಕರೆಯುತ್ತಾರೆ. ಅವರ ತಂದೆಗೆ ನಮ್ಮ ಮನೆಯಿಂದ ಸಲ್ಲಬೇಕಾಗಿದ್ದದ್ದು ಇನ್ನು ಸಲ್ಲುವ ಬಗೆಯಿಲ್ಲ. ಆದ್ದರಿಂದ ಲೆಕ್ಕ ಚುಕ್ತಾ ಆಯಿತೆಂದು ನಾನು ಹೇಳಲಾರೆ.

ಊರಿನಿಂದ ಹೊರಡುವ ಮುನ್ನ ಹಳೆಯ ಮನೆಯ ಅಟ್ಟ ಹತ್ತಿ ಹುಡುಕಿದೆ. ಸೇರು ಸಿಕ್ಕಿತು. ತುಕ್ಕು ಹಿಡಿದಿದೆ, ತಳ ಹಾಗೆಯೇ ಒಳಕ್ಕೆ ಉಬ್ಬಿದೆ. ಈಗ ಅದು ನನ್ನ ಪುಸ್ತಕದ ಕಪಾಟಿನಲ್ಲಿ, ಬಿನ್ನವತ್ತಳೆಯ ಪಕ್ಕದಲ್ಲಿದೆ. ಯಾರಾದರೂ ಬಂದು ಬಿನ್ನವತ್ತಳೆ ಓದಿ ಹೊಗಳಿದರೆ, ಅದನ್ನೂ ಕೈಗೆ ಕೊಟ್ಟು ತಳ ನೋಡಿ ಎನ್ನುತ್ತೇನೆ.